ದಿನಕರನ ಎಡಗೈ ಮತ್ತು ಟ್ರಿಮ್ ಮೋಟರ್

2008ರ ಬೇಸಗೆಯಲ್ಲಿ ನಾನು ಯಾವ ಹುದ್ದೆಯಲ್ಲೂ ಇರಲಿಲ್ಲ. ವಾಯುಪಡೆಯಲ್ಲಿ ವಿಮಾನಗಳ ವಿದ್ಯುತ್ ವಿಭಾಗದ ಫಿಟ್ಟರ್ ಆಗಿ, ಆಮೇಲೆ ಉತ್ತರ ಭಾರತದ ಒಂದು ಪೈಲಟ್ ತರಬೇತಿ ಶಾಲೆಯಲ್ಲಿ ನಿರ್ವಹಣಾ ಇಂಜಿನಿಯರ್ ಆಗಿ ದುಡಿದು, ನಿವೃತ್ತನಾಗಿ ಊರಾದ ಕುಂಭಾಶಿಗೆ ಮರಳಿದ್ದೆ. ವಿಮಾನದ ಸಹವಾಸ ಮುಗಿಯಿತು ಎಂದುಕೊಂಡಿದ್ದವನನ್ನು ಮತ್ತೆ ಅದರ ಬಾಲದೊಳಗೆ ಕೈ ಹಾಕುವಂತೆ ಮಾಡಿದವನು ದಿನಕರ ಖಾರ್ವಿ.

ದಿನಕರ ಕೋಡಿಯವನು. ಮೀನುಗಾರರ ಮನೆಯಲ್ಲಿ ಹುಟ್ಟಿ, ಓದಿ, ಸರಕು ಹಡಗುಗಳಲ್ಲಿ ಮರೀನ್ ಇಂಜಿನಿಯರ್ ಆಗಿದ್ದ. ಯಾವುದೋ ದೂರದ ಬಂದರಿನಲ್ಲಿ ಹಡಗು ಕಟ್ಟುವ ಹಗ್ಗ, ಅದನ್ನು ಸುತ್ತುವ ವಿಂಚಿನ ಉರುಳೆಗೆ ಸಿಕ್ಕಿದಾಗ ಅವನ ಎಡಗೈಯೂ ಜೊತೆಗೆ ಸಿಕ್ಕಿತು. ತೋರುಬೆರಳು, ಮಧ್ಯದ ಬೆರಳು ಹೋದವು. ಹೆಬ್ಬೆರಳು ಉಳಿಯಿತಾದರೂ ಅದರಲ್ಲಿ ಬಲ ಉಳಿಯಲಿಲ್ಲ. ಹಡಗಿನ ಕೆಲಸ ಅಲ್ಲಿಗೆ ಮುಗಿಯಿತು. ಪರಿಹಾರವಾಗಿ ಬಂದ ಹಣದಲ್ಲಿ ಮನೆ ಕಟ್ಟುತ್ತಾನೆ ಎಂದು ಎಲ್ಲರೂ ಅಂದುಕೊಂಡರೆ, ಅವನು ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುವ ಒಂಟಿ ಆಸನದ ಪುಟ್ಟ ವಿಮಾನವನ್ನು ತರಿಸಿದ. ಬ್ರಹ್ಮಾವರದ ಹತ್ತಿರ ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೂತು ಅದನ್ನು ಜೋಡಿಸಿದ. ಹಾರಲು ಕಲಿತ. ಪರವಾನಗಿಗಾಗಿ ಅವನು ಅಲೆದದ್ದು ಬೇರೆಯೇ ಕಥೆ. ನಾನು ಕಾಣುವ ಹೊತ್ತಿಗೆ ಬೈಂದೂರಿನ ಒಳಗಡೆಯ ಒಂದು ಕೆಂಪು ಮುರಕಲ್ಲಿನ ಬಯಲಿನಿಂದ ಅದು ಹಾರುತ್ತಿತ್ತು. ಮಳೆಗಾಲದಲ್ಲಿ ಮತ್ತು ದುರಸ್ತಿಯ ಹೊತ್ತಿನಲ್ಲಿ ರೆಕ್ಕೆ ಕಳಚಿ, ಲಾರಿಯಲ್ಲಿ ಬ್ರಹ್ಮಾವರದ ಶೆಡ್ಡಿಗೆ ತರುತ್ತಿದ್ದ.

ಅವನು ನನ್ನ ಮನೆಗೆ ಬಂದದ್ದು ಒಂದು ಕೆಲಸಕ್ಕಾಗಿ. "ಭಟ್ರೆ, ಟ್ರಿಮ್ ಕರೆಂಟಿಗೆ ಮಾಡ್ಕ್. ವೈರಿಂಗ್ ನೀವ್ ನಿಂತ್ಕಂಡ್ ಮಾಡ್ಸಿ ಕೊಡ್ಕ್," ಎಂದ.

ಟ್ರಿಮ್ ಎಂದರೇನು ಎಂದು ಇಲ್ಲಿ ಹೇಳಬೇಕು. ವಿಮಾನದ ಬಾಲದಲ್ಲಿ ಅಡ್ಡಲಾಗಿ ಇರುವ, ಮೇಲೆ ಕೆಳಗೆ ಆಡುವ ಹಲಗೆಗೆ ಎಲಿವೇಟರ್ ಎನ್ನುತ್ತಾರೆ. ಪೈಲಟ್ ಕೈಯಲ್ಲಿರುವ ಸ್ಟಿಕ್ಕನ್ನು ಹಿಂದಕ್ಕೆಳೆದರೆ ಮೂತಿ ಏಳುತ್ತದೆ, ಮುಂದಕ್ಕೆ ತಳ್ಳಿದರೆ ಇಳಿಯುತ್ತದೆ. ವೇಗ ಬದಲಾದಂತೆ ಸ್ಟಿಕ್ಕಿನ ಭಾರವೂ ಬದಲಾಗುತ್ತದೆ. ಇಡೀ ಹೊತ್ತು ಅದನ್ನು ಎಳೆದು ಹಿಡಿದೇ ಕೂರಲು ಯಾರಿಂದಲೂ ಆಗದು. ಅದಕ್ಕಾಗಿ ಎಲಿವೇಟರಿನ ಹಿಂಬದಿಯ ಅಂಚಿನಲ್ಲಿ ಅಂಗೈ ಅಗಲದ ಒಂದು ಚಿಕ್ಕ ಪಟ್ಟಿ ಇರುತ್ತದೆ. ಅದೇ ಟ್ರಿಮ್ ಟ್ಯಾಬ್. ಅದನ್ನು ಸ್ವಲ್ಪ ಬಾಗಿಸಿದರೆ ಗಾಳಿಯೇ ಎಲಿವೇಟರನ್ನು ಬೇಕಾದಲ್ಲಿ ಒತ್ತಿ ಹಿಡಿಯುತ್ತದೆ, ಪೈಲಟ್ಟಿನ ಕೈ ಹಗುರಾಗುತ್ತದೆ.

ದಿನಕರನ ವಿಮಾನದಲ್ಲಿ ಈ ಟ್ಯಾಬನ್ನು ಆಡಿಸಲು ಪೈಲಟ್ ಕೂರುವ ಕಾಕ್‌ಪಿಟ್ಟಿನ ಎಡಗೋಡೆಯ ಮೇಲೆ ಒಂದು ಲಿವರ್ ಇತ್ತು. ಅಲ್ಲಿಂದ ಬಾಲದವರೆಗೆ ಸೈಕಲ್ ಬ್ರೇಕಿನಂಥ ಕೇಬಲ್. ಲಿವರ್ ಬಿಗಿ. ಅವನ ಎಡಗೈಗೆ ಅದು ಬಗ್ಗುತ್ತಿರಲಿಲ್ಲ.

"ಮತ್ತೆ ಇಷ್ಟ್ ದಿನ ಹ್ಯಾಂಗೆ ಮಾಡ್ತಿದ್ರಿ?" ಎಂದು ಕೇಳಿದೆ.

"ಸ್ಟಿಕ್ಕನ್ನ ಮೊಳ್ಕಾಲಿನ ಮಧ್ಯ ಸಿಕ್ಸಿ ಹಿಡ್ಕಂಬುದ್. ಬಲಗೈ ಆಚೆ ಹಾಕಿ ಲಿವರ್ ಎಳುದ್," ಎಂದು ಅವನು ಸಲೀಸಾಗಿ ಹೇಳಿದ.

ಇಳಿಯುವ ಹೊತ್ತಿಗೆ, ತೆಂಗಿನ ತಲೆಗಳ ಮೇಲೆ, ಸ್ಟಿಕ್ಕನ್ನು ಮೊಣಕಾಲಿನಲ್ಲಿ ಹಿಡಿದ ಮನುಷ್ಯ. ಹಾಗಾಗಿ ಅವನ ಬೇಡಿಕೆ ನ್ಯಾಯವಾದದ್ದೇ ಎನಿಸಿತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಸರ್ವೋ ಮೋಟರ್ ಒಂದನ್ನು ಬಾಲದೊಳಗೆ ಕೂರಿಸುವುದು, ಸ್ಟಿಕ್ಕಿನ ತುದಿಯಲ್ಲಿ ಬಲಗೈ ಹೆಬ್ಬೆರಳಿಗೆ ಸಿಗುವಂತೆ ಎರಡು ಗುಂಡಿ, ನಡುವೆ ಎರಡು ರಿಲೇ, ಎದುರಿನ ಫಲಕದಲ್ಲಿ ಟ್ಯಾಬ್ ಎಲ್ಲಿದೆ ಎಂದು ತೋರಿಸುವ ದೀಪಗಳ ಸಾಲು. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸಾಧನ. ಸಾಮಾನೆಲ್ಲ ಅವನ ಬಳಿ ಆಗಲೇ ಇತ್ತು.

ಆದರೆ ನನ್ನ ವೃತ್ತಿಯವರಿಗೆ ಎಲೆಕ್ಟ್ರಿಕ್ ಟ್ರಿಮ್ ಎಂದ ಕೂಡಲೇ ನೆನಪಾಗುವ ಒಂದು ಶಬ್ದ ಇದೆ, ರನ್‌ಅವೇ. ಗುಂಡಿ ಬಿಟ್ಟ ಮೇಲೂ ಮೋಟರ್ ನಿಲ್ಲದೆ, ಟ್ಯಾಬನ್ನು ಕೊನೆಯ ತನಕ ಓಡಿಸಿಬಿಡುವುದು. ಆಗ ಗಾಳಿ ಪೈಲಟ್ಟಿನ ವಿರುದ್ಧ ಎಳೆಯತೊಡಗುತ್ತದೆ. ಒಂದು ಕೈಯಲ್ಲಿ ಸ್ಟಿಕ್ಕನ್ನು ಹಿಡಿದಿಟ್ಟು ಇನ್ನೊಂದು ಕೈಯಲ್ಲಿ ಬ್ರೇಕರಿನ ಗುಂಡಿ ಎಳೆದು ಮೋಟರಿನ ಕರೆಂಟು ತಪ್ಪಿಸಬೇಕು. ಎರಡು ಗಟ್ಟಿ ಕೈ ಇದ್ದವನಿಗೆ ಅದು ಕಷ್ಟವೇನಲ್ಲ. ಎಡಗೈ ಕೈಕೊಟ್ಟದ್ದಕ್ಕೆ ಮೋಟರ್ ಬೇಕೆನ್ನುವವನು, ಆ ಮೋಟರ್ ಕೈಕೊಟ್ಟ ದಿನ ಅದೇ ಎಡಗೈಯನ್ನು ನಂಬಬೇಕು. ಇದನ್ನು ಅವನಿಗೆ ಮೊದಲ ದಿನವೇ ಹೇಳಿದೆ. ಅವನು ತನ್ನ ಎಡಗೈ ನೋಡಿಕೊಂಡ. "ಹಡಗಲ್ಲೂ ಹಾಂಗೇ ಅಲ್ದಾ," ಎಂದ. "ಎಲ್ಲದಕ್ಕೂ ಹೆದ್ರಿರೆ ಬಂದರ್ ಬಿಡೂಕೆ ಆತಿಲ್ಲೆ."

ನಾವು ಕೆಲಸವನ್ನು ಕ್ರಮವಾಗಿಯೇ ಮಾಡಿದೆವು. ಹಳೆಯ ಲಿವರ್ ಇನ್ನೂ ಇರುವಾಗಲೇ ಅವನು ಒಮ್ಮೆ ಎತ್ತರಕ್ಕೆ ಹಾರಿ, ಟ್ಯಾಬನ್ನು ಮೂತಿ ಇಳಿಯುವ ಕಡೆಗೆ ಪೂರ್ತಿ ತಿರುಗಿಸಿ, ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಸ್ಟಿಕ್ಕಿಗೆ ಸಿಕ್ಕಿಸಿ ಎಳೆದು ನೋಡಿದ. ಹನ್ನೊಂದು ಕಿಲೋ. ಒಂದೇ ಕೈಯಲ್ಲಿ ಅಷ್ಟು ಭಾರ ಹಿಡಿದು ಇಳಿಯಲಾಗದು. ಟ್ಯಾಬಿನ ತೋಳಿನಲ್ಲಿ ತೂತನ್ನು ಇನ್ನಷ್ಟು ದೂರಕ್ಕೆ ಕೊರೆದು, ಮೋಟರ್ ಕೊನೆಯ ತನಕ ಓಡಿದರೂ ಟ್ಯಾಬ್ ಅರ್ಧದಷ್ಟೇ ಬಾಗುವಂತೆ ಮಾಡಿದೆವು. ಲೆಕ್ಕದ ಪ್ರಕಾರ ಆರು ಕಿಲೋ. ಅದು ಸಾಧಾರಣ ವೇಗದಲ್ಲಿ. ವೇಗ ಏರಿದರೆ ಭಾರವೂ ಏರುತ್ತದೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಮೋಟರ್ ಕೂತಿತು, ಕೇಬಲ್ ಹೊರಗೆ ಬಂತು, ತಂತಿಗಳು ಸ್ಟಿಕ್ಕಿನ ಬುಡದಿಂದ ಬಾಲದವರೆಗೆ ಹೋದವು. ಗುಂಡಿ ಒತ್ತಿದರೆ ಟ್ಯಾಬ್ ಜೇನಿನಂತೆ ಗುಂಯ್‌ಗುಡುತ್ತ ಏಳುತ್ತಿತ್ತು, ಇಳಿಯುತ್ತಿತ್ತು.

ಅದಾಗಿ ಕೆಲವು ದಿನಗಳಲ್ಲಿ ಒಂದು ಘಟನೆ ನಡೆಯಿತು. ಮಧ್ಯಾಹ್ನ. ನಾನು ಶೆಡ್ಡಿನಲ್ಲಿ ಬಾಲದ ಹತ್ತಿರ ಸ್ಕ್ರೂ ಬಿಗಿ ಮಾಡುತ್ತಿದ್ದೆ. ದಿನಕರ ಆಸನದಲ್ಲಿ ಕೂತು ದೀಪಗಳನ್ನು ನೋಡಿ, ಎದ್ದು ಕಾಲು ಹೊರಗೆ ಹಾಕುತ್ತಿದ್ದ. ನನ್ನ ಕಣ್ಣೆದುರಿಗೇ ಟ್ಯಾಬ್ ಒಂದು ಬೆರಳಿನಷ್ಟು ಮೇಲೆದ್ದು ನಿಂತಿತು. ಟ್ಯಾಬ್ ಮೇಲಕ್ಕೆ ಎಂದರೆ ವಿಮಾನದ ಮೂತಿ ಕೆಳಕ್ಕೆ.

"ಗುಂಡಿ ಒತ್ತಿದ್ರ್ಯಾ?" ಎಂದು ಕೇಳಿದೆ.

"ಇಲ್ಲೆ. ಎಂತಕ್?"

ಅವನ ಎರಡೂ ಕೈ ಕಾಕ್‌ಪಿಟ್ಟಿನ ಅಂಚಿನ ಮೇಲಿದ್ದವು. ಗುಂಡಿಯ ಹತ್ತಿರ ಯಾರೂ ಇರಲಿಲ್ಲ.

ಅವತ್ತು, ಮಾರನೆಯ ದಿನ, ಅದರ ಮಾರನೆಯ ದಿನ ಕಾರಣ ಹುಡುಕಿದೆವು. ಕರಾವಳಿಯಲ್ಲಿ ಮೊದಲ ಸಂಶಯ ಉಪ್ಪುಗಾಳಿಯ ಮೇಲೆ. ಗುಂಡಿಯ ಒಳಗೆ ಹಸಿರು ಕಿಲುಬಿನ ಒಂದು ಚುಕ್ಕೆ ಕಂಡಿತು. ದಿನಕರನಿಗೆ ಅಷ್ಟೇ ಸಾಕಾಯಿತು. ಹೊಸ ಗುಂಡಿ ಹಾಕಿದೆವು. ರಿಲೇಗಳನ್ನೂ ಬದಲಿಸಿದೆವು. ನೂರಾರು ಸಲ ಓಡಿಸಿದೆವು, ಮತ್ತೆ ಒಮ್ಮೆಯೂ ಅದು ತಾನಾಗಿ ಅಲುಗಲಿಲ್ಲ.

"ಸಿಕ್ತಲ್ದಾ ಮತ್ತೆ, ಕಿಲುಬ್," ಎಂದ ದಿನಕರ.

"ಕಿಲುಬ್ ಸಿಕ್ಕಿದ್ದ್ ಹೌದ್. ಅದೇ ಕಾರಣ ಅಂದೇಳಿ ಸಿಕ್ಲಿಲ್ಲೆ," ಎಂದೆ. "ತಾನಾಗಿ ಹೋದ್ದ್ ತಾನಾಗೇ ಬತ್ತ್. ಈ ಸಲ ಹಳೇ ಲಿವರೇ ಹಾಕ್ವ. ಮಳೆಗಾಲದಲ್ ಇಡೀ ವೈರಿಂಗ್ ಬಿಚ್ಚಿ ಕಾಂಬ."

ಅವನು ಒಪ್ಪಲಿಲ್ಲ. ಮಳೆ ಹಿಡಿದರೆ ಬೈಂದೂರಿನ ಬಯಲು ಕೆಸರಾಗುತ್ತದೆ, ನಾಲ್ಕೈದು ತಿಂಗಳು ಹಾರುವ ಹಾಗಿಲ್ಲ. ಅವನ ವಿಮಾನ, ಅವನ ಪರವಾನಗಿ. ತಡೆಯುವ ಅಧಿಕಾರ ನನಗಿರಲಿಲ್ಲ. ಕೆಲವು ಷರತ್ತು ಹಾಕಿದೆ. ಮೊದಲು ಎತ್ತರಕ್ಕೆ ಏರಬೇಕು, ಗುಂಡಿ ಮುಟ್ಟುವುದು ಆಮೇಲೆ. ಬಯಲಿನ ಮೇಲೆಯೇ ಸುತ್ತಬೇಕು, ಕಡಲ ಕಡೆಗೆ ಹೋಗಬಾರದು. ನಾನು ಕೆಳಗೆ ರೇಡಿಯೋ ಹಿಡಿದು ನಿಂತಿರುತ್ತೇನೆ. ಅವನು ಎಲ್ಲದಕ್ಕೂ ತಲೆಯಾಡಿಸಿದ.

ಹಾರಾಟದ ಹಿಂದಿನ ದಿನ ಸಂಜೆ ಅವನ ಹೆಂಡತಿ ಲಲಿತ ಕುಂಭಾಶಿಗೆ ಬಂದಳು. ಕೋಡಿಯಲ್ಲಿ ಅವರ ಕುಟುಂಬದ್ದೊಂದು ಐಸ್ ಪ್ಲಾಂಟ್ ಇದೆ. ಅದನ್ನು ನಡೆಸುವವಳು ಅವಳೇ. ಲಾರಿ ಡ್ರೈವರುಗಳೂ ಬೋಟಿನವರೂ ಅವಳ ಮಾತಿಗೆ ಎದುರಾಡುವುದಿಲ್ಲ ಎಂದು ಕೇಳಿದ್ದೆ. ಅವತ್ತು ಅವಳು ಚಾವಡಿಯ ಅಂಚಿನಲ್ಲಿ ಕೂತು, ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದಿದ್ದಳು.

"ಭಟ್ರೆ, ಅದ್ ತನ್ನಷ್ಟಕ್ ಅಲ್ಗಾಡಿತ್ತ್ ಅಂಬ್ರಲೆ. ಇವ್ರೇ ನಗ್ಯಾಡ್ಕಂಡ್ ಹೇಳ್ರ್. ನಂಗೆ ನಗು ಬರ್ಲಿಲ್ಲೆ."

"ನಂಗೂ ಬರ್ಲಿಲ್ಲೆ," ಎಂದೆ.

"ಹಾಂಗಾರೆ ಒಂದ್ ಮಾತ್ ಹೇಳಿ. ರೆಕ್ಕೆ ಬಿರ್ಕ್ ಬಿಟ್ಟಿತ್, ಹಾರೂಕಾಗ ಅಂದೇಳಿ. ನಾ ಹೇಳ್ರೆ ಕೇಂತಿಲ್ಲೆ, ನೀವ್ ಹೇಳ್ರೆ ಕೇಂತ್ರ್."

ಆ ಸುಳ್ಳು ಹೇಳಲು ನನ್ನ ಮನಸ್ಸೂ ಹಾತೊರೆಯುತ್ತಿತ್ತು. ಆದರೆ ದಿನಕರ ಬಿರುಕು ಎಂದರೆ ನಂಬಿ ಸುಮ್ಮನೆ ಕೂರುವವನಲ್ಲ. ಬೆಳಗಾಗುವುದರೊಳಗೆ ರೆಕ್ಕೆ ಬಿಚ್ಚಿ ನೋಡುತ್ತಾನೆ. ಬಿರುಕಿಲ್ಲ ಎಂದು ಗೊತ್ತಾದ ಮೇಲೆ ನಾನು ಹೇಳಿದ ನಿಜಗಳನ್ನೂ ಬದಿಗಿಡುತ್ತಾನೆ. ಎತ್ತರ, ಬಯಲು, ಬ್ರೇಕರ್ ಎಲ್ಲವನ್ನೂ. ಅದನ್ನೇ ಅವಳಿಗೆ ಹೇಳಿದೆ.

ಅವಳು ನೀರಿನ ಲೋಟ ಕೆಳಗಿಟ್ಟಳು. "ಸರಿ. ಆ ಮೋಟರ್ ಕೆಟ್ರೆ ಇವ್ರ್ ಎಂತ ಮಾಡ್ಕ್?"

ಬ್ರೇಕರಿನ ಗುಂಡಿಯ ಬಗ್ಗೆ ವಿವರಿಸಿದೆ. ಎಡ ಫಲಕದಲ್ಲಿದೆ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಚಿಟಿಕೆಯಲ್ಲಿ ಹಿಡಿದು ಎಳೆಯಬೇಕು ಎಂದೆ. ಶೆಡ್ಡಿನಲ್ಲಿ ಅವನು ಎಳೆದು ತೋರಿಸಿದ್ದ ಎಂದೂ ಹೇಳಿದೆ.

"ಪುರ್ಸೊತ್ತಲ್ ಎಳ್ದಿರ್. ಗಡಿಬಿಡಿಯಲ್ ಅವ್ರಿಗ್ ಚಿಟ್ಕಿ ಹಿಡೂಕೆ ಆತಿಲ್ಲೆ ಭಟ್ರೆ. ಅಂಗಿ ಗುಂಡಿ ನಾನೇ ಹಾಕುದ್. ಕೊಡಪಾನ ಮಾತ್ರ ಮಣಿಕಟ್ಟಿಗ್ ಸಿಕ್ಸಿ ಎತ್ತ್‌ತ್ರ್. ಕೊಕ್ಕಿ ಹಾಕಿ ಎಳುದಾದ್ರೆ ಎಷ್ಟ್ ಬೇಕಾರೂ ಎಳಿತ್ರ್."

ಮರುದಿನ ಬೆಳಿಗ್ಗೆ ಬೈಂದೂರಿನ ಬಯಲಿಗೆ ಅವಳೂ ಬಂದಳು, ಬಲೆ ಹೆಣೆಯುವ ನೈಲಾನ್ ಹುರಿಯ ಒಂದು ತುಂಡು ಹಿಡಿದುಕೊಂಡು. ಬ್ರೇಕರಿನ ಗುಂಡಿಯ ಕತ್ತಿಗೆ ಅದನ್ನು ಬಿಗಿದು, ಮಣಿಕಟ್ಟು ತೂರುವಷ್ಟು ದೊಡ್ಡ ಕುಣಿಕೆ ಮಾಡಿದೆವು. ದಿನಕರ ಮುಖ ಸಿಂಡರಿಸಿದನಾದರೂ ಬೇಡ ಎನ್ನಲಿಲ್ಲ.

ಗಾಳಿ ಹಗುರಾಗಿತ್ತು. ವಿಮಾನ ಕೆಂಪು ಧೂಳೆಬ್ಬಿಸಿ ಓಡಿ ಎದ್ದಿತು. ಸುತ್ತುತ್ತ ಸುತ್ತುತ್ತ ಗಿಡುಗಗಳಿಗಿಂತ ಮೇಲೆ ಹೋಯಿತು. ರೇಡಿಯೋದಲ್ಲಿ ಅವನ ದನಿ ಬಂತು. "ಟ್ರಿಮ್ ಕೆಲ್ಸ ಮಾಡ್ತಾ ಇತ್ತ್. ಬೆಣ್ಣಿ ಹಾಂಗ್ ಇತ್ತ್ ಭಟ್ರೆ." ಒಂದು ಸುತ್ತು, ಎರಡು ಸುತ್ತು. ಕೈ ಬಿಟ್ಟು ಹಾರಿಸುತ್ತಿದ್ದೇನೆ ಎಂದ. ಲಲಿತ ನನ್ನ ಪಕ್ಕದಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. "ಸಾಕ್, ಇಳೀರಿ," ಎಂದು ನಾನು ರೇಡಿಯೋದಲ್ಲಿ ಹೇಳಿದೆ.

ಇಳಿಯಲು ಅವನು ಬಲಕ್ಕೆ ವಾಲಿ ಮೂತಿ ತಗ್ಗಿಸಿದ. ತಗ್ಗಿದ ಮೂತಿ ಮತ್ತೆ ಏಳಲಿಲ್ಲ. ಇನ್ನೂ ತಗ್ಗಿತು. ಇಂಜಿನ್ನಿನ ಸದ್ದು ಏರುತ್ತಾ ಹೋಯಿತು. ಆ ಸದ್ದು ಏರಿದ ರೀತಿಯಲ್ಲೇ ಇದು ರನ್‌ಅವೇ ಎಂದು ನನಗೆ ಗೊತ್ತಾಯಿತು.

"ಭಟ್ರೆ, ಮೇಲಿನ್ ಗುಂಡಿ ಒತ್ತಿರೂ ಕೇಂತಿಲ್ಲೆ. ಕೆಳ್ಗ್ ಎಳಿತಾ ಇತ್ತ್."

"ಬ್ರೇಕರ್ ಎಳೀರಿ," ಎಂದು ಹೇಳಲು ನಾನು ರೇಡಿಯೋದ ಗುಂಡಿ ಒತ್ತಿದೆ. ನನ್ನ ಮಾತು ಹೋಗಲಿಲ್ಲ. ಇಂಥ ರೇಡಿಯೋದಲ್ಲಿ ಒಬ್ಬ ಮಾತಾಡುವ ಗುಂಡಿ ಒತ್ತಿ ಹಿಡಿದಿದ್ದರೆ ಇನ್ನೊಬ್ಬನದ್ದು ಅವನಿಗೆ ಕೇಳಿಸದು. ಅವನ ರೇಡಿಯೋ ಗುಂಡಿ ಇದ್ದದ್ದೂ ಸ್ಟಿಕ್ಕಿನ ಮೇಲೆಯೇ. ಎರಡೂ ಕೈಯಲ್ಲಿ ಸ್ಟಿಕ್ಕನ್ನು ಅವುಚಿ ಎಳೆಯುತ್ತಿದ್ದವನ ಬೆರಳು ಅದರ ಮೇಲೆ ಕೂತುಬಿಟ್ಟಿತ್ತು. ನಮಗೆ ಕೇಳುತ್ತಿದ್ದದ್ದು ಅವನ ಉಸಿರು ಮತ್ತು ಗಾಳಿಯ ಮೊರೆತ. ಮೇಲಿನ ಮನುಷ್ಯ ಏದುಸಿರು ಬಿಡುವುದು ನನ್ನ ಅಂಗೈಯಲ್ಲಿ ಕೇಳುತ್ತಿತ್ತು. ಅವನಿಗೆ ಹೇಳಬೇಕಾದ ಒಂದೇ ಶಬ್ದ ಹೇಳಲು ದಾರಿ ಇರಲಿಲ್ಲ. ವಿಮಾನ ಪೂರ್ವದ ಗುಡ್ಡದ ಕಡೆಗೆ ಇಳಿಯುತ್ತಿತ್ತು. ಎಷ್ಟು ಹೊತ್ತು ಹಾಗಿತ್ತೋ ನಾನು ಹೇಳಲಾರೆ.

ಒಮ್ಮೆಲೇ ರೇಡಿಯೋ ಟಕ್ಕೆಂದು ಖಾಲಿಯಾಯಿತು. ಅವನ ಹಿಡಿತ ಎಲ್ಲೋ ಜಾರಿರಬೇಕು. ನಾನು ಬಾಯಿ ತೆರೆಯುವ ಮೊದಲೇ ಲಲಿತ ರೇಡಿಯೋ ಕಿತ್ತುಕೊಂಡಿದ್ದಳು.

"ಹ್ವಾಯ್, ಎಡಗೈ ಬಿಡಿ," ಎಂದಳು. ದನಿ ಎತ್ತರಿಸಲಿಲ್ಲ. ಐಸ್ ಪ್ಲಾಂಟಿನಲ್ಲಿ ಲಾರಿ ಹಿಂದೆ ತೆಗೆಸುವಾಗ ಹೇಳುವ ಹಾಗೆ ಹೇಳಿದಳು. "ಎಡಗೈ ಬಿಡಿ. ಹುರಿಗ್ ಕೈ ಹಾಕಿ. ಎಳ್ದ್ ಬಿಡಿ."

ಉತ್ತರ ಬರಲಿಲ್ಲ. ವಿಮಾನ ಗುಡ್ಡದ ಮರಗಳ ಹಿಂದೆ ಮರೆಯಾಯಿತು. ಸದ್ದು ಮಾತ್ರ ಇತ್ತು. ಆ ಸದ್ದು ನಿಲ್ಲುವುದನ್ನು ನಾನು ಕಾಯುತ್ತಿದ್ದೆ. ನನ್ನ ಸೇವೆಯಲ್ಲಿ ಹಾಗೆ ಸದ್ದು ನಿಂತದ್ದನ್ನು ಒಮ್ಮೆ ಕೇಳಿದ್ದೆ. ಆಮೇಲಿನ ಮೌನ ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು.

ಸದ್ದು ನಿಲ್ಲಲಿಲ್ಲ. ಗುಡ್ಡದ ಬಡಗಣ ತುದಿಯಲ್ಲಿ, ಮರಗಳಿಗೆ ತಾಗಿಯೇ ಎಂಬಂತೆ, ವಿಮಾನ ಕಾಣಿಸಿತು. ಮೂತಿ ಸಮವಾಗಿತ್ತು.

"ನಿಂತಿತ್," ಎಂದಿತು ರೇಡಿಯೋ. ಸ್ವಲ್ಪ ತಡೆದು, "ಆದ್ರೆ ಟ್ಯಾಬ್ ಅಲ್ಲೇ ನಿಂತಿತ್. ಭಾರ ಇತ್ತ್. ಸೀದ ಬತ್ತೆ."

ಕರೆಂಟು ತಪ್ಪಿದರೆ ಮೋಟರ್ ನಿಲ್ಲುತ್ತದೆ, ಟ್ಯಾಬ್ ಹಿಂದಕ್ಕೆ ಬರುವುದಿಲ್ಲ. ಬಯಲಿಗೆ ಬರುವ ತನಕ ಅವನು ಸ್ಟಿಕ್ಕನ್ನು ಬಲಗೈಯಿಂದ ಎಳೆದೇ ಹಿಡಿದಿರಬೇಕಿತ್ತು. ಎಡ ಮಣಿಕಟ್ಟನ್ನೂ ಅದಕ್ಕೆ ಕೊಟ್ಟು ಎಳೆದನಂತೆ. ಕೊನೆಗೆ ತೋಳು ಸೋತಿತು. ನೆಲಕ್ಕೆ ಆಳೆತ್ತರ ಇರುವಾಗ ಮೂತಿ ಬಿತ್ತು. ಮುಂದಿನ ಚಕ್ರದ ಕಾಲು ಮುರಿದು, ಪ್ರೊಪೆಲ್ಲರ್ ಚೂರಾಗಿ, ವಿಮಾನ ಮುರಕಲ್ಲನ್ನು ಕೆರೆಯುತ್ತ ಅಡ್ಡ ತಿರುಗಿ ನಿಂತಿತು. ನಾವು ಓಡಿದೆವು. ಅವನು ತಾನೇ ಬೆಲ್ಟ್ ಬಿಚ್ಚಲು ಒದ್ದಾಡುತ್ತಿದ್ದ. ಹಣೆ ಒಡೆದಿತ್ತು. ಎಡ ಮಣಿಕಟ್ಟಿನ ಸುತ್ತ ಹುರಿ ಚರ್ಮವನ್ನು ಸೀಳಿತ್ತು. ಬ್ರೇಕರಿನ ಗುಂಡಿ ಬುಡಸಮೇತ ಕಿತ್ತು ಬಂದು ಅವನ ಮಡಿಲಲ್ಲಿ ಬಿದ್ದಿತ್ತು. ಲಲಿತ ಬೆಲ್ಟ್ ಬಿಚ್ಚಿದಳು. ಅವನು ಏನೋ ಹೇಳಲು ಹೋದ. "ಮಾತಾಡ್ಬೇಡಿ," ಎಂದಳು. ಕುಂದಾಪುರದ ಆಸ್ಪತ್ರೆ ಮುಟ್ಟುವ ತನಕ ಸೆರಗಿನಿಂದ ಅವನ ಹಣೆ ಒತ್ತಿ ಹಿಡಿದಿದ್ದಳು.

ಕಾರಣ ಸಿಕ್ಕಿದ್ದು ಆ ಮಳೆಗಾಲದಲ್ಲಿ, ಇಡೀ ವೈರಿಂಗ್ ಬಿಚ್ಚಿದಾಗ. ಸ್ಟಿಕ್ಕಿನ ಬುಡದಲ್ಲಿ ತಂತಿಗಳು ಒಂದು ತೂತಿನ ಮೂಲಕ ಹೋಗುತ್ತಿದ್ದವು. ಅಲ್ಲಿನ ಒಂದು ರಿವೆಟ್ಟಿನ, ಎಂದರೆ ತಗಡು ಜೋಡಿಸುವ ಮೊಳೆಯ, ಅಂಚು ಚೂಪಾಗಿತ್ತು. ಸ್ಟಿಕ್ಕು ಮುಂದಕ್ಕೂ ಬಲಕ್ಕೂ ಒಟ್ಟಿಗೆ ಹೋದಾಗ ಮಾತ್ರ ಒಂದು ತಂತಿ ಅದಕ್ಕೆ ಉಜ್ಜುತ್ತಿತ್ತು. ಅದು ಮೂತಿ ಇಳಿಸುವ ರಿಲೇಗೆ ಹೋಗುವ ತಂತಿ. ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರದ ಎಳೆ ಹೊರಬಂದಿತ್ತು. ಲೋಹಕ್ಕೆ ತಾಗಿದೊಡನೆ ಗುಂಡಿ ಒತ್ತಿದಂತೆಯೇ ರಿಲೇ ಹಚ್ಚಿಕೊಳ್ಳುತ್ತಿತ್ತು. ಶೆಡ್ಡಿನಲ್ಲಿ ಅವತ್ತು ದಿನಕರ ಏಳುವಾಗ ಅವನ ಮೊಣಕಾಲು ಸ್ಟಿಕ್ಕನ್ನು ಆ ಮೂಲೆಗೆ ತಳ್ಳಿತ್ತು. ಆಮೇಲೆ ನೂರಾರು ಸಲ ಮೋಟರ್ ಓಡಿಸಿದಾಗಲೆಲ್ಲ ಸ್ಟಿಕ್ಕು ನಡುವೆಯೇ ಇತ್ತು. ಹಾರಾಟದಲ್ಲಿ ಬಲಕ್ಕೆ ವಾಲಿ ಇಳಿಯುವಾಗ ಅದು ಮತ್ತೆ ಅದೇ ಮೂಲೆಗೆ ಹೋಯಿತು. ಈ ಸಲ ತಾಮ್ರದ ಎಳೆ ರಿವೆಟ್ಟಿನ ಚೂಪಿಗೆ ಸಿಕ್ಕಿಕೊಂಡು ಬಿಡಿಸಿಕೊಳ್ಳಲಿಲ್ಲ. ಹಸಿರು ಕಿಲುಬಿಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ದಿನಕರ ಆ ತಂತಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಇಷ್ಟೇಯಾ," ಎಂದ.

ಅವನು ಮೋಟರನ್ನು ಮತ್ತೆ ಹಾಕಲಿಲ್ಲ, ಎಡಗೋಡೆಯ ಲಿವರಿಗೂ ಮರಳಲಿಲ್ಲ. ಆಸನದ ಎಡಬದಿಯಲ್ಲಿ ತಟ್ಟೆಯಗಲದ ಒಂದು ಮರದ ಚಕ್ರ ಕೂರಿಸಿ, ಅದಕ್ಕೆ ಹಳೆಯ ಕೇಬಲ್ ಜೋಡಿಸಿದೆವು. ಬೆರಳು ಬೇಕಿಲ್ಲ, ಅಂಗೈ ಒತ್ತಿ ಉರುಳಿಸಿದರೆ ಸಾಕು. ಮೋಟರಿನ ಮಾತು ಬರುವ ಮೊದಲು ನಮ್ಮಿಬ್ಬರಲ್ಲಿ ಯಾರೂ ಆ ಕೈಗೆ ಏನೇನು ಸಾಧ್ಯ ಎಂದು ಕೇಳಿರಲಿಲ್ಲ. ಕೈಗೆ ಏನು ಆಗದು ಎಂಬುದಷ್ಟೇ ನಮ್ಮ ಲೆಕ್ಕದಲ್ಲಿತ್ತು. ಮುಂದೆ ನಾಲ್ಕಾರು ವರ್ಷ ಅವನು ಆ ಚಕ್ರದಿಂದಲೇ ಹಾರಿದ. ಲಲಿತ ಮತ್ತೆಂದೂ ಆ ಬಯಲಿಗೆ ಬರಲಿಲ್ಲ. ಹಾರುವ ದಿನಗಳಲ್ಲಿ ಅವನು ಇಳಿದ ಕೂಡಲೇ ಐಸ್ ಪ್ಲಾಂಟಿಗೆ ಫೋನ್ ಮಾಡುತ್ತಿದ್ದ. ಅವಳು ಎತ್ತಿ, "ಹ್ಞೂಂ," ಎಂದು ಇಟ್ಟುಬಿಡುತ್ತಿದ್ದಳು.

ನನ್ನ ಕೆಲಸದಲ್ಲಿ ಯಂತ್ರಗಳು ಕೆಟ್ಟದ್ದನ್ನು ಎಷ್ಟೋ ಕಂಡಿದ್ದೇನೆ. ಪೂರ್ತಿ ಕೆಟ್ಟ ಯಂತ್ರಕ್ಕೆ ನಾನು ಹೆದರುವುದಿಲ್ಲ, ಅದು ನೆಲದ ಮೇಲೇ ಇರುತ್ತದೆ. ಒಮ್ಮೆ ಕೆಟ್ಟು, ಯಾಕೆಂದು ಹೇಳದೆ ಸರಿಯಾದದ್ದೇ ಹೆದರಿಕೆಯದು. ಬಾವಿಯ ಪಂಪು ಇರಲಿ, ಬೋಟಿನ ಇಂಜಿನ್ ಇರಲಿ, ಈಗಲೂ ಯಾರಾದರೂ ನನ್ನ ಹತ್ತಿರ ಬಂದು "ಈಗ ಸರಿ ಆಯ್ತ್ ಭಟ್ರೆ" ಎಂದರೆ, "ಎಂತ ಆಗಿತ್ತ್?" ಎಂದು ಕೇಳುತ್ತೇನೆ. ಅದಕ್ಕೆ ಅವರ ಬಳಿ ಉತ್ತರವಿಲ್ಲದಿದ್ದರೆ, ಅದು ಇನ್ನೂ ಸರಿಯಾಗಿಲ್ಲ.